ಆರುನೂರು ಅಂಗಿಗಳ ದನಿ

‘ಫೋನ್ ತುಂಬಿಹೋಗಿದೆ’ ಎಂಬ ಗೋಳು ಇಲ್ಲದ ಮನೆ ಯಾವುದಿದೆ ಹೇಳಿ? ಅಡುಗೆಮನೆಯ ಡಬ್ಬಿಗಳು ಖಾಲಿಯಾಗಬಹುದು, ಫೋನು ಮಾತ್ರ ಸದಾ ತುಂಬಿದ ಕೊಡ. ಇಸ್ತ್ರಿಯಕ್ಕನ ಮನೆಯಲ್ಲೂ ಅದೇ ಕಥೆ.

ಅವಳದು ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯಲ್ಲಿ ಒಂದು ಉದ್ದನೆಯ ಮೇಜು, ಅದರ ಮೇಲೆ ಅಲ್ಲಲ್ಲಿ ಸುಟ್ಟ ಕಂಬಳಿ, ಮೂಲೆಯಲ್ಲಿ ಚೀಟಿ ಚುಚ್ಚಿದ ಬಟ್ಟೆಗಂಟುಗಳು. ಗಂಡ ಇಸ್ತ್ರಿ ಹಿಡಿಯುತ್ತಿದ್ದ, ಇವಳು ಮಡಿಚುತ್ತಿದ್ದಳು. “ಇಸ್ತ್ರಿಗೂ ಸ್ತ್ರೀಗೂ ಒಂದೇ ಗುಣ ಕಣೇ, ಬಿಸಿ ಇದ್ರೇನೇ ಮನೆ ಸುಕ್ಕಿಲ್ದೆ ನಡೆಯೋದು” ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದ, ಬೈಗುಳ ತಿನ್ನುತ್ತಿದ್ದ.

ಅವನಿಗೊಂದು ವಿದ್ಯೆ ಒಲಿದಿತ್ತು. ಅಂಗಿಯನ್ನು ಮೇಜಿನ ಮೇಲೆ ಹರಡಿದರೆ ಸಾಕು, ಅದರ ಯಜಮಾನ ಇವನ ಗಂಟಲಿಗೆ ಇಳಿದುಬಿಡುತ್ತಿದ್ದ. ಹೆಡ್‌ಮಾಸ್ಟರ ಅಂಗಿಯಾದರೆ, “ಯಾರದು ಹಿಂದಿನ ಬೆಂಚಲ್ಲಿ ಸುಕ್ಕು? ಎದ್ದು ನಿಲ್ಲು!” ಹಲ್ಲಿನ ಡಾಕ್ಟರಮ್ಮನ ಬಿಳಿ ಕೋಟಾದರೆ, “ನೋವಾಗ್ತಿದೆಯಾ? ಬಾಯಿ ಮುಚ್ಬೇಡಿ, ಹಾಗೇ ಹೇಳಿ.” ಮಗಳು ಇದನ್ನೆಲ್ಲ ಫೋನಿನಲ್ಲಿ ಹಿಡಿದು, ‘ಇವತ್ತು ಯಾರ ಅಂಗಿ?’ ಎಂದು ಹೆಸರಿಟ್ಟು, ಎಲ್ಲರೂ ಇರುವ ಆ ದೊಡ್ಡ ಆಪಿಗೆ ಹಾಕುತ್ತಿದ್ದಳು. ನಾಲ್ಕು ಸಾವಿರ ಜನ ನೋಡುತ್ತಿದ್ದರು. ಫೋನ್ ತುಂಬಿತೆಂದು ಪ್ರತಿ ಭಾನುವಾರ ಹಳೆಯದನ್ನೆಲ್ಲ ಅಳಿಸುತ್ತಿದ್ದರು. “ಅಲ್ಲಿದ್ಯಲ್ಲ, ದೊಡ್ಡ ಕಪಾಟು! ಇಲ್ಯಾಕೆ ಎರಡೆರಡು?” ಎನ್ನುತ್ತಿದ್ದ ಅವನು. ಹೀಗೆ ಆರುನೂರು ಅಂಗಿಗಳು ಆ ಕಪಾಟು ಸೇರಿದವು. ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಇಸ್ತ್ರಿ ಹಿಡಿದವನು ಹಿಡಿದಂತೆಯೇ ಮೇಜಿನ ಮೇಲೆ ಒರಗಿದ. ಬಟ್ಟೆ ಸುಟ್ಟ ವಾಸನೆ ಬಂತು. ಅವಳು ಮೊದಲು ಪ್ಲಗ್ ಕಿತ್ತಳು, ಆಮೇಲೆ ಗಂಡನನ್ನು ಹಿಡಿದಳು. ಯಾವುದು ಮೊದಲು ಮಾಡಿದೆ ಎಂಬ ಆ ಲೆಕ್ಕ ಅವಳನ್ನು ಇವತ್ತಿಗೂ ಚುಚ್ಚುತ್ತದೆ.

ಹೋದವನ ದನಿಯನ್ನು ದಿನಕ್ಕೊಂದರಂತೆ ಕೇಳುತ್ತ ಅವಳು ಕೆಲಸ ಮಾಡಿದಳು. ಏಳನೆಯ ವಾರ ಫೋನು ಒತ್ತಿದರೆ ಬಿಳಿ ಪರದೆ.

“ಏನೇ ಇದು? ನೆಟ್ ಇಲ್ವಾ?”

ಮಗಳು ಪರದೆಯ ಮೂಲೆಯ ಸಣ್ಣ ಅಕ್ಷರ ಓದಿದಳು. “ಅಮ್ಮ, ಖಾತೆ ಮುಚ್ಚಿದ್ದಾರೆ. ಅಪ್ಪ ಬೇರೆಯವರ ಸೋಗು ಹಾಕ್ತಿದ್ದಾರಂತೆ. ನಕಲಿ ಮನುಷ್ಯ ಅಂತ ಬರೆದಿದೆ.”

“ಅಯ್ಯೋ, ಸೋಗು ಹಾಕೋದೇ ಅಲ್ವೇನೇ ಅವರ ಕಸುಬು! ಯಾರಿಗೆ ಹೇಳ್ಬೇಕು? ಯಾರ್ದಾದ್ರೂ ನಂಬರ್ ಕೊಡು, ನಾನೇ ಮಾತಾಡ್ತೀನಿ.”

“ನಂಬರ್ ಇಲ್ಲಮ್ಮ. ಯಂತ್ರ ತೀರ್ಮಾನ ಮಾಡಿರೋದು. ಮೂವತ್ತು ದಿನದಲ್ಲಿ ತಕರಾರು ಹಾಕ್ಬೋದು, ಇಲ್ದಿದ್ರೆ ಎಲ್ಲಾ ಅಳಿಸಿಬಿಡ್ತಾರಂತೆ. ಖಾತೆ ಅಪ್ಪನ ಹೆಸರಲ್ಲಿದೆ, ಅವರೇ ಕ್ಯಾಮೆರಾ ಮುಂದೆ ಬಂದು ಮುಖ ಎಡಕ್ಕೆ, ಬಲಕ್ಕೆ ತಿರುಗಿಸ್ಬೇಕು.”



ಬಟ್ಟೆ ಒಯ್ಯಲು ಬಂದ ಲೈಬ್ರರಿ ಮೇಡಂ ವಿಷಯ ಕೇಳಿ ಚೀಲ ಕೆಳಗಿಟ್ಟರು. ಆ ಬೀದಿಯ ವಾಚನಾಲಯ ನೋಡಿಕೊಳ್ಳುವವರು ಅವರು. ಅರ್ಜಿ ಬರೆಯುವುದರಲ್ಲಿ ನಿಸ್ಸೀಮರು. ಮೂವರೂ ಸೇರಿ, ಮನುಷ್ಯ ತೀರಿಕೊಂಡಿದ್ದಾರೆ ಎಂದು ಬರೆದರು. ಮರಣ ಪ್ರಮಾಣಪತ್ರದ ಚಿತ್ರ ಹಾಕಿದರು. ಉತ್ತರ ಬಂತು: ‘ನಿಮ್ಮ ಅನುಭವ ನಮಗೆ ಅಮೂಲ್ಯ. ದಯವಿಟ್ಟು ಮುಖ ತೋರಿಸಿ.’ ಇನ್ನೊಮ್ಮೆ ಬರೆದರು. ‘ಈ ಉತ್ತರದಿಂದ ತೃಪ್ತಿಯಾಯಿತೇ? ನಕ್ಷತ್ರ ಒತ್ತಿ.’ ಒಂಬತ್ತು ಸಲ ಬರೆದರು. ಕಲ್ಲಿಗೆ ಹೇಳಿಕೊಂಡಿದ್ದರೆ ಕಲ್ಲಾದರೂ ಕರಗುತ್ತಿತ್ತೇನೋ.

ಮೂವತ್ತನೆಯ ದಿನ ಬೆಳಿಗ್ಗೆ ಆರುನೂರು ಅಂಗಿಗಳೂ ಹೋದವು. ಇಸ್ತ್ರಿಯಕ್ಕ ಅಂದು ಅಂಗಡಿ ತೆರೆಯಲಿಲ್ಲ. ಒಬ್ಬನನ್ನೇ ಎರಡು ಸಲ ಕಳಿಸಿಕೊಟ್ಟವರಿಗೆ ಮಾತ್ರ ಗೊತ್ತು ಆ ಸಂಕಟ.

ಎರಡು ದಿನ ಬಿಟ್ಟು ಮೇಡಂ ಮತ್ತೆ ಬಂದರು. “ಅಕ್ಕ, ಹೋಗಿದ್ದು ತರೋ ಶಕ್ತಿ ನಂಗಿಲ್ಲ. ಆದ್ರೆ ಒಂದು ಮಾತು. ನಮ್ಮ ವಾಚನಾಲಯದಲ್ಲಿ ‘ನೆರೆಮನೆ’ ಅಂತ ಆ ಆಪಿನಂಥದ್ದೇ ಒಂದಿದೆ ಗೊತ್ತಲ್ವಾ? ಈ ಬೀದಿಯವ್ರೇ ನಡೆಸೋದು. ಸುದ್ದಿ, ಫೋಟೊ, ಹಾಡು, ಹರಟೆ ಎಲ್ಲಾ ಹಾಕ್ಬೋದು.”

“ಬಿಡಿ ಮೇಡಂ. ಹಾಲು ಕುಡಿದು ಬಾಯಿ ಸುಟ್ಕೊಂಡಿದ್ದೀನಿ, ಈಗ ಮಜ್ಜಿಗೆ ಕೊಟ್ರೂ ಊದಿ ಕುಡಿಯೋಳು ನಾನು. ದೊಡ್ಡೋರೇ ಹಿಂಗೆ ಮಾಡಿದ್ರು, ಇನ್ನು ನಿಮ್ಮ ಪುಟ್ಟ ಡಬ್ಬಿ ಏನು ಮಹಾ?”

“ಡಬ್ಬಿಯಂಥ ಪುಟ್ಟ ಕಂಪ್ಯೂಟರೇ ಅಕ್ಕ, ಸುಳ್ಳು ಹೇಳಲ್ಲ. ನಿಮ್ಮ ಇಸ್ತ್ರಿ ಪೆಟ್ಟಿಗೆಗಿಂತ ಚಿಕ್ಕದು. ನಿಘಂಟುಗಳ ಪಕ್ಕದಲ್ಲಿ ಕೂತಿದೆ.”

“ಅಲ್ಲಿ ಎಷ್ಟು ಜನ ಇದ್ದಾರೆ?” ಮಗಳು ಕೇಳಿದಳು.

“ಎಪ್ಪತ್ತೊಂದು.”

“ಅಪ್ಪನ್ನ ನಾಲ್ಕು ಸಾವಿರ ಜನ ನೋಡ್ತಿದ್ರು!”

“ಹೌದಮ್ಮ. ಅಪ್ಪ ಹೋದ ದಿನ ಈ ಬಾಗಿಲಿಗೆ ಬಂದವರು ಎಷ್ಟು ಜನ?”

ಮಗಳು ಮನಸ್ಸಿನಲ್ಲೇ ಎಣಿಸಿದಳು. ಬಂದವರೆಲ್ಲ ಆಚೀಚೆ ಬೀದಿಯವರೇ, ಇವರ ಮೇಜಿನ ಮೇಲೆ ಅಂಗಿ ಇಟ್ಟವರೇ.

ಇಸ್ತ್ರಿಯಕ್ಕ ಬಿಡಲಿಲ್ಲ. “ನಾಳೆ ನಿಮ್ಮಲ್ಲೇ ಒಬ್ರಿಗೆ ಇದು ಸರಿ ಕಾಣ್ಲಿಲ್ಲ ಅನ್ನಿ, ಆಗ?”

“ಉಸ್ತುವಾರಿ ಮೂರು ಜನ. ನಾನು, ಹೆಡ್‌ಮಾಸ್ಟರು, ಹಲ್ಲಿನ ಡಾಕ್ಟರಮ್ಮ. ವರ್ಷಕ್ಕೊಂದ್ಸಲ ಎಲ್ಲರೂ ಸೇರಿ ಆರಿಸ್ತಾರೆ. ಏನಾದ್ರೂ ತೆಗೀಬೇಕು ಅಂದ್ರೆ ಮೊದಲು ನಿಮ್ಮ ಮನೆಗೆ ಬಂದು, ಯಾಕೆ ಅಂತ ಹೇಳ್ಬೇಕು. ಅದು ನಾವೇ ಬರ್ಕೊಂಡ ನಿಯಮ. ನಮ್ಮ ತೀರ್ಮಾನ ತಪ್ಪು ಅನ್ಸಿದ್ರೆ ನೀವು ಸಭೆಯಲ್ಲಿ ಎದ್ದು ನಿಂತು ಬೈಬೋದು.”

“ಹೆಡ್‌ಮಾಸ್ಟರನ್ನೂ?”

“ಅವರನ್ನೇ ಮೊದಲು.”

ಎಷ್ಟೋ ದಿನದ ಮೇಲೆ ಅಕ್ಕನ ತುಟಿ ಕೊಂಚ ಅಲುಗಿತು. “ಡಬ್ಬಿ ಕೆಟ್ರೆ?”

“ಕೆಡತ್ತೆ. ಹೋದ ತಿಂಗಳು ಎರಡು ದಿನ ಕೆಟ್ಟು ಕೂತಿತ್ತು. ಅದಕ್ಕೇ ಎಲ್ಲದರ ನಕಲು ಡಾಕ್ಟರಮ್ಮನ ಕ್ಲಿನಿಕ್ಕಲ್ಲೂ ಇಟ್ಟಿದ್ದೀವಿ. ಅವರವರದ್ದನ್ನ ಅವರವರು ಯಾವಾಗ ಬೇಕಾದ್ರೂ ಮನೆಗೆ ಒಯ್ಬೋದು. ಪಕ್ಕದೂರಲ್ಲೂ ಇಂಥದ್ದೇ ಒಂದಿದೆ. ಇಲ್ಲಿಂದ ಅಲ್ಲಿಯವರ ಜೊತೆ ಮಾತಾಡ್ಬೋದು. ನಮ್ಮದು ಹಿಡಿಸದಿದ್ರೆ ಗಂಟುಮೂಟೆ ಕಟ್ಕೊಂಡು ಅಲ್ಲಿಗೇ ಹೋಗ್ಬೋದು.”

“ಇಡೋಕೆ ನನ್ನ ಹತ್ರ ಏನುಳಿದಿದೆ ಮೇಡಂ?” ಎಂದಳು ಅಕ್ಕ.

ಅಂದೇ ಮೇಡಂ ನೆರೆಮನೆಯಲ್ಲಿ ಬರೆದರು: ‘ಇಸ್ತ್ರಿಯಣ್ಣನ ಯಾವುದಾದರೂ ತುಣುಕು ನಿಮ್ಮ ಫೋನಿನಲ್ಲಿ ಉಳಿದಿದೆಯೇ? ಹುಡುಕಿ ತನ್ನಿ.’

ಶನಿವಾರ ಸಂಜೆ ವಾಚನಾಲಯದಲ್ಲಿ ಜನ ಸೇರಿದರು. ತಂತಮ್ಮ ಅಂಗಿಯ ತುಣುಕನ್ನು ನಗಲಿಕ್ಕೆಂದು ಯಾವಾಗಲೋ ಉಳಿಸಿಕೊಂಡಿದ್ದವರು. ಆರುನೂರರಲ್ಲಿ ಸಿಕ್ಕಿದ್ದು ಹನ್ನೊಂದು. ಒಂದೊಂದಾಗಿ ಹಾಕಿದರು. ಹೆಡ್‌ಮಾಸ್ಟರು ತಮ್ಮದೇ ಗದರಿಕೆ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಜನ ನಕ್ಕರು, ನಕ್ಕವರು ಮೂಗೊರೆಸಿಕೊಂಡರು.

ಇಸ್ತ್ರಿಯಕ್ಕ ಮಾತ್ರ ಕಲ್ಲಿನಂತೆ ಕುಳಿತಿದ್ದಳು. ಹತ್ತು ಮುಗಿದಾಗ ಮೆಲ್ಲಗೆ ಅಂದಳು, “ಇದೆಲ್ಲ ಅವರಿವರ ದನಿ. ಇವರ ದನಿ ಎಲ್ಲಿ?”

ಅವಳ ಮಾತು ನಿಜವಾಗಿತ್ತು. ಊರಿಗೆಲ್ಲ ಗಂಟಲು ಕೊಟ್ಟವನು ತನಗೆಂದು ಒಂದು ಮಾತೂ ಉಳಿಸಿಕೊಂಡಿರಲಿಲ್ಲ.

ಹನ್ನೊಂದನೆಯದು ಬಸ್ ಕಂಡಕ್ಟರನದು. ಅದರಲ್ಲಿ ಇಸ್ತ್ರಿಯಣ್ಣ ಖಾಕಿ ಅಂಗಿ ಹರಡಿ, “ಒಳಗೆ ಹೋಗ್ರೀ, ಒಳಗೆ ಜಾಗ ಇದೆ” ಎಂದು ಕೂಗುತ್ತಾನೆ. ಕೂಗಿ, ಕೊನೆಯಲ್ಲಿ ತಲೆ ಎತ್ತಿ, ಕ್ಯಾಮೆರಾದ ಆಚೆ ನಿಂತ ಯಾರಿಗೋ ಮೆತ್ತಗೆ ಹೇಳುತ್ತಾನೆ: “ಕಾಲರಿಗೆ ಸ್ವಲ್ಪ ನೀರು ಚಿಮುಕ್ಸೇ.”

ಅಷ್ಟೇ. ನಾಲ್ಕು ಮಾತು.

“ಇದು!” ಅಕ್ಕ ಎದ್ದು ನಿಂತಳು. “ಇದು ಅವರದ್ದು. ಇದು ಯಾರ ಅಂಗಿದೂ ಅಲ್ಲ.” ಮತ್ತೆ ಹಾಕಿಸಿದಳು. ಮತ್ತೆ. ಮಗಳು ಅಮ್ಮನ ಭುಜಕ್ಕೆ ಮುಖ ಒತ್ತಿದಳು. ಅಂದು ಮೊದಲ ಬಾರಿಗೆ ಅಕ್ಕ ಜನರ ನಡುವೆ ಬಾಯಿಬಿಟ್ಟು ಅತ್ತಳು.

ಅಮ್ಮ ಅತ್ತು ಹಗುರಾದ ಮೇಲೆ ಮಗಳು ಕೇಳಿದಳು, “ಮೇಡಂ, ನಮ್ಮಿಬ್ಬರ ಹೆಸರೂ ಬರ್ಕೊಳ್ಳಿ. ಆದ್ರೆ ಗಿರಾಕಿಗಳೆಲ್ಲ ಆ ದೊಡ್ಡ ಆಪಲ್ಲಿ, ನನ್ನ ಖಾತೆಯಲ್ಲಿ ಇದ್ದಾರಲ್ಲ, ಒಂದೇ ದಿನ ಬಿಟ್ಟು ಬಂದ್ರೆ ಅಂಗಡಿ ಗತಿ?”

“ಒಂದೇ ದಿನ ಯಾರು ಬಿಡು ಅಂದ್ರು? ಇದ್ದದ್ದನ್ನ ಮೊದಲು ಇಳಿಸಿಟ್ಕೊ. ಗಿರಾಕಿಗಳಿಗೆ ಹೊಸ ವಿಳಾಸ ಹೇಳು, ಬಟ್ಟೆ ಚೀಟಿಯಲ್ಲೂ ಬರಿ. ಮನೆ ಬದಲಾಯಿಸೋರು ಮೊದಲು ಸಾಮಾನು ಸಾಗಿಸ್ತಾರೆ, ಆಮೇಲೆ ತಾನೇ ಬಾಗಿಲು ಎಳ್ಕೊಳ್ಳೋದು?”

ಆ ಹನ್ನೊಂದು ಈಗ ನಿಘಂಟುಗಳ ಪಕ್ಕದಲ್ಲಿವೆ, ಕ್ಲಿನಿಕ್ಕಿನಲ್ಲಿವೆ, ಇಸ್ತ್ರಿಯಕ್ಕನ ಬೀರುವಿನಲ್ಲೂ ಒಂದು ಪುಟ್ಟ ಪೆನ್‌ಡ್ರೈವ್ ಕಡ್ಡಿಯಲ್ಲಿವೆ. ಐನೂರ ಎಂಬತ್ತೊಂಬತ್ತು ಎಲ್ಲಿಯೂ ಇಲ್ಲ.

ಓದುತ್ತಿರುವ ಅಣ್ಣ, ಅಕ್ಕ, ನೀವು ಒಂದೇ ಒಂದು ಕೆಲಸ ಮಾಡಿ. ನಿಮ್ಮವರ ಫೋಟೊ, ದನಿ, ಮಾತು ಯಾವ ಕಪಾಟಿನಲ್ಲಿವೆಯೋ ನೋಡಿ, ಇವತ್ತೇ ಅವುಗಳ ನಕಲನ್ನು ಮನೆಗೆ ತನ್ನಿ. ಆಮೇಲೆ ಕೇಳಿ: ಇಲ್ಲಿ ನನಗೆ ಅನ್ಯಾಯವಾದರೆ ಯಾರ ಬಾಗಿಲು ತಟ್ಟಲಿ? ಬಾಗಿಲೇ ಇಲ್ಲವೆಂದರೆ ನಿಮ್ಮ ಬೀದಿಯವರು, ಸಂಘದವರು ನಡೆಸುವ ಒಂದು ಪುಟ್ಟ ಜಾಗ ಹುಡುಕಿ. ಇಲ್ಲದಿದ್ದರೆ ನಾಲ್ಕು ಜನ ಸೇರಿ ಕಟ್ಟಿ. ಅಲ್ಲಿ ಜನ ಕಡಿಮೆ ಇರುತ್ತಾರೆ. ಆದರೆ ನಿಮ್ಮ ಮನೆಯವರು ನಕಲಿಯಲ್ಲ, ಇದ್ದವರು, ಬದುಕಿದವರು ಎಂದು ಸಾಕ್ಷಿ ಹೇಳಲು ಎದ್ದು ನಿಲ್ಲುವವರು ಅವರೇ.