ಸದ್ದಿಲ್ಲದ ಮಣ್ಣು

ಶವಪೆಟ್ಟಿಗೆ ಹೊತ್ತವರು ಸ್ಮಶಾನದ ಅಂಚಿನಲ್ಲೇ ನಿಂತುಬಿಟ್ಟರು. ಬೆಳಿಗ್ಗೆ ತೋಡಿಟ್ಟ ಗುಂಡಿಯ ಹಸಿಮಣ್ಣಿನ ಮೇಲೆ ಸಿಂಹದ ಹೆಜ್ಜೆ ಮೂಡಿತ್ತು. ಹಿಂದೆ ಹಾಡುತ್ತಿದ್ದ ಹೆಂಗಸರ ದನಿ ಒಂದೊಂದಾಗಿ ಅಡಗಿತು.

ಪೆಟ್ಟಿಗೆಯಲ್ಲಿದ್ದವನು ಮಸೌಸೊ. ಲುವಾಂಗ್ವಾ ನದಿಯ ಈ ದಡದಲ್ಲಿ ಹೆಜ್ಜೆ ನೋಡಿ ಪ್ರಾಣಿಯ ಜಾತಕ ಹೇಳುತ್ತಿದ್ದವನು ಅವನೊಬ್ಬನೇ. ಈಗ ಎಲ್ಲರೂ ಅವನ ಮಗಳು ತಿಯೇಸೆಯ ಮುಖ ನೋಡಿದರು. ಅವಳು ಹೆಜ್ಜೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಹೆಣ್ಣು. ಜೊತೇಲಿ ಎರಡು ಮರಿ. ಈಗಷ್ಟೇ ಆ ಪೊದೆಗೆ ಹೋಗಿದಾವೆ."

"ಸಾವಿಗೆ ಈ ಸಿಂಹಿಣಿಯನ್ನೂ ಕರೆದಿದ್ನಾ ನಿಮ್ಮಪ್ಪ?" ಊರ ಮುಖ್ಯಸ್ಥ ಜಿಂಬಾ ಪಿಸುಗುಟ್ಟಿದ.

"ಹೋದ ತಿಂಗಳು ಆಚೆ ದಡದಲ್ಲಿ ಬೇಟೆಯವರು ದೊಡ್ಡ ಗಂಡು ಸಿಂಹಾನ ಹೊಡೆದ್ರಲ್ಲ ಮಾವ. ಈಗ ಹೊಸ ಗಂಡುಗಳು ಬಂದಿರ್ತವೆ. ಅವು ಹಳೇ ಗಂಡಿನ ಮರಿಗಳನ್ನ ಉಳಿಸಲ್ಲ. ಇವಳು ಬಚ್ಚಿಡೋಕೆ ಬಂದಿದಾಳೆ."

"ಕೋವಿ ತರಿಸ್ತೀನಿ" ಎಂದ ಜಿಂಬಾ.

"ಬೇಡ. ಗುರಿ ತಪ್ಪಿದ್ರೆ ನಮ್ಮಲ್ಲೇ ಯಾರೋ ಹೋಗ್ತಾರೆ."

"ಹಾಗಾದ್ರೆ ವಾಪಸ್ ನಡೀರಿ."

"ಗುಂಡಿ ತನಕ ತಂದವನನ್ನ ಮನೆಗೆ ಹೊತ್ಕೊಂಡು ಹೋಗ್ತೀಯಾ?" ಮಸೌಸೊನ ಹೆಂಡತಿ ಎಸ್ನಾತಿ ಕೇಳಿದಳು. "ಎರಡು ದಿನ ಆಯ್ತು. ಬಿಸಿಲು ನೋಡು."

*

ಇಪ್ಪತ್ತು ವರ್ಷದ ಹಿಂದೆ ಮಸೌಸೊ ಬೇಟೆಯವರಿಗೆ ದಾರಿ ತೋರಿಸುತ್ತಿದ್ದ. ಒಂದು ಗಂಡು ಸಿಂಹದ ಕಡೆ ಬೆರಳು ಮಾಡಿ, "ಮುದಿಯಾಗಿದೆ, ಹೊಡೀಬಹುದು" ಎಂದ. ಅದು ಮುದಿಯಾಗಿರಲಿಲ್ಲ. ಮೂರು ತಾಯಂದಿರ ಗುಂಪನ್ನು ಕಾಯುತ್ತಿತ್ತು. ಅದು ಸತ್ತಿದ್ದೇ ಹೊಸ ಗಂಡುಗಳು ನುಗ್ಗಿದವು, ಗುಂಪು ದಿಕ್ಕಾಪಾಲಾಯಿತು. ಉಳಿದ ಒಂದೇ ಮರಿಯನ್ನು ಕಚ್ಚಿಕೊಂಡು ಒಬ್ಬ ತಾಯಿ ನದಿ ದಾಟಿ ಜೋಳದ ಹೊಲ ಹೊಕ್ಕಳು. ಅಲ್ಲಿ ಕಳೆ ಕೀಳುತ್ತಿದ್ದವಳು ಮಸೌಸೊನ ತಂಗಿ. ಅವಳು ಕಿರುಚಿ, ಬೆನ್ನು ತಿರುಗಿಸಿ ಓಡಿದಳು.

ಅವಳನ್ನು ಹೂತ ದಿನವೇ ಅವನು ಆ ಕೆಲಸ ಬಿಟ್ಟ. ಆಮೇಲೆ ಪುಟ್ಟ ತಿಯೇಸೆಯನ್ನು ಅಂಗಳದಲ್ಲಿ ಹಿಂದಕ್ಕೆ ಹಿಂದಕ್ಕೆ ನಡೆಸುತ್ತಿದ್ದ. "ಓಡಬೇಡ. ಬೆನ್ನು ತೋರಿಸಬೇಡ. ನಿನಗಿಂತ ಮರಿ ಇರೋ ಸಿಂಹಿಣಿಗೇ ಹೆದರಿಕೆ ಜಾಸ್ತಿ." ಇದೊಂದು ಆಟವೆಂದು ಅವಳು ನಗುತ್ತಿದ್ದಳು.

*

"ಹಾಡು ಬೇಡ, ಸಲಿಕೆ ಬೇಡ" ಎಂದಳು ತಿಯೇಸೆ. "ಕೈಯಲ್ಲೇ ಮಣ್ಣು ಹಾಕೋಣ. ಆಮೇಲೆ ಮುಖ ಪೊದೆ ಕಡೆಗೇ ಇಟ್ಕೊಂಡು ಹಿಂದಕ್ಕೆ ನಡೀಬೇಕು. ಅಪ್ಪ ಹಾಗೇ ಹೇಳ್ಕೊಟ್ಟಿದ್ದು."

ಪೆಟ್ಟಿಗೆಯನ್ನು ಮೆಲ್ಲಗೆ ಗುಂಡಿಗಿಳಿಸಿ, ಊರೆಲ್ಲ ಮಂಡಿಯೂರಿ ಮುಷ್ಟಿ ಮುಷ್ಟಿ ಮಣ್ಣನ್ನು ಜಾರಿಸಿತು. ಪೊದೆ ಒಮ್ಮೆ ಅಲುಗಿತು. ಕೈಗಳೆಲ್ಲ ನಿಂತವು, ಮತ್ತೆ ಶುರುವಾದವು.

ಸತ್ತವನ ಲೋಟವನ್ನು ತೂತು ಮಾಡಿ ಗೋರಿಯ ಮೇಲಿಡುವುದು ಊರಿನ ರೂಢಿ. ಎಸ್ನಾತಿ ಲೋಟದ ತಳಕ್ಕೆ ಮೊಳೆಯಿಟ್ಟು ಹೊಡೆಯಲು ಕಲ್ಲೆತ್ತಿದಳು. ಮಗಳು ಅವಳ ಮಣಿಕಟ್ಟು ಹಿಡಿದಳು.

"ತೂತಿಲ್ದಿದ್ರೆ ಅವನದು ಅಂತ ಹೇಗಾಗುತ್ತೆ?"

"ಇವತ್ತೊಂದು ದಿನ ಹಾಗೇ ಇರ್ಲಿ ಅಮ್ಮ."

ಎಸ್ನಾತಿ ತೂತಿಲ್ಲದ ಲೋಟವನ್ನೇ ಮಣ್ಣಿನ ಮೇಲಿಟ್ಟಳು. ಎಲ್ಲರೂ ಹಿಂದಕ್ಕೆ ಹೆಜ್ಜೆ ಹಾಕತೊಡಗಿದರು. ಯಾರೋ ಎಡವಿದರು, ಯಾರೋ ಹಿಡಿದರು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲು ಧೈರ್ಯವಿಲ್ಲ.

ದಾರಿ ಇನ್ನೇನು ಸಿಕ್ಕಿತು ಎನ್ನುವಾಗ ಗೋರಿಯ ಬಳಿ ಟಣ್ ಎಂದಿತು. ಮರಿಯೊಂದು ಪಂಜದಿಂದ ಲೋಟವನ್ನು ಉರುಳಿಸುತ್ತಿತ್ತು. ಅದರ ಹಿಂದೆ, ಹೊಸ ಮಣ್ಣಿನ ಮೇಲೆ, ತಾಯಿ ನಿಂತು ಇವರನ್ನೇ ನೋಡುತ್ತಿದ್ದಳು.

ಜಿಂಬಾನ ಭುಜ ತಿರುಗಲು ಹೊರಟಿತು. ಎಸ್ನಾತಿ ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಊರಿಗೆ ಊರೇ ಗೋರಿಯ ಕಡೆ ಮುಖ ಮಾಡಿ ಇನ್ನೊಂದು ಹೆಜ್ಜೆ ಹಿಂದಕ್ಕಿಟ್ಟಿತು. ಅಲ್ಲಿ ಲೋಟ ಮತ್ತೆ ಟಣ್ ಎಂದಿತು.