ಹೋರಿ ಹಿಡಿದ ಚನಮಲ್ಲಪ್ಪ

ಹಿಪ್ಪರಗಿ ಕಡೆಯ ಗಿರಿಮಲ್ಲಪ್ಪ ಸಾವ್ಕಾರರಿಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಇತಿಹಾಸದ ಚಟ ಹತ್ತಿತು. ಅರವತ್ತು ಎಕರೆ ಕಬ್ಬು, ಮೂರು ಟ್ರ್ಯಾಕ್ಟರ್, ಗೇಟಿನ ಮೇಲೆ ಎರಡು ಸಿಮೆಂಟಿನ ಸಿಂಹ, ಎಲ್ಲವೂ ಆಗಿತ್ತು. ಮನೆತನದ ಮೇಲೊಂದು ಪುಸ್ತಕ ಮಾತ್ರ ಬಾಕಿ. ಜಮಖಂಡಿಯಲ್ಲಿ ಕಾಲೇಜು ಹುಡುಗರಿಗೆ ಇತಿಹಾಸ ಕಲಿಸುವ ಶಿವಯೋಗಿಯನ್ನು ಹಿಡಿದು ತಂದರು. ಅವನು ಮೂರೇ ತಿಂಗಳಲ್ಲಿ ಇನ್ನೂರು ಪುಟ ಗೀಚಿ ಕೊಟ್ಟ. ಈ ಮನೆಯವರು ಬೆವರು ಸುರಿಸಿ ಬಂಗಾರ ಬೆಳೆದರು ಎಂಬ ಮಾತು ಅದರಲ್ಲಿ ಹನ್ನೊಂದು ಸಲ ಇತ್ತು. ಸುರಿದ ಬೆವರು ಯಾರದು ಎನ್ನುವುದಕ್ಕೆ ಮಾತ್ರ ಇನ್ನೂರು ಪುಟದಲ್ಲಿ ಜಾಗ ಸಿಕ್ಕಿರಲಿಲ್ಲ.

ಆದರೂ ಒಂದು ಕೊರತೆ ಉಳಿದಿತ್ತು. ಸಾವ್ಕಾರರ ತಂದೆ ಚನಮಲ್ಲಪ್ಪನವರ ಕಾಲದಲ್ಲಿ ಸರ್ಜಾ ಎಂಬ ಖಿಲಾರಿ ಹೋರಿ ಮುಧೋಳದಲ್ಲಿ ಬಹುಮಾನ ಗೆದ್ದಿತ್ತು. ಅದರ ಫೋಟೋ ಇಲ್ಲದೆ ಪುಸ್ತಕವೇ ಬೇಡ ಎಂದು ಸಾವ್ಕಾರರ ಹಟ. ಮನೆಯಲ್ಲಿದ್ದದ್ದನ್ನು ಗೆದ್ದಲು ತಿಂದಿತ್ತು. ಮನುಷ್ಯನ ಮುಖ ಮಸುಕಾಗಿ ಬಂದ ಇನ್ನೊಂದು ಪ್ರತಿಯನ್ನು ಆಗ ಆಳಿಗೆ ಕೊಟ್ಟಿದ್ದರು, ಯಾಕೆಂದರೆ ಹಗ್ಗ ಹಿಡಿದು ನಿಂತವನು ಅವನೇ. ಅದೀಗ ಬನಹಟ್ಟಿಯಲ್ಲಿ ಅವನ ಮಗಳು ಮಾಯವ್ವನ ಗೋಡೆಯ ಮೇಲಿತ್ತು.

ಮಾಯವ್ವ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಬದುಕುವವಳು, ಅರವತ್ತರ ಹತ್ತಿರದವಳು. ಸಾವ್ಕಾರರು ಶಿವಯೋಗಿಯನ್ನೂ ಕರೆದುಕೊಂಡು ಕಾರಿನಲ್ಲಿ ಬಂದಾಗ ಪಕ್ಕದ ಮನೆಯಿಂದ ಕುರ್ಚಿ ತಂದು ಹಾಕಿದಳು. ಅವರು ಬಾಯಲ್ಲಿ ಬೆಲ್ಲ ಇಟ್ಟುಕೊಂಡವರ ಹಾಗೆ ಮಾತಾಡಿದರು. ಕರಿಯಾ ನಮ್ಮ ಮನೆಯ ಮಗನ ಹಾಗೇ ಇದ್ದ, ಅವನ ಹೆಸರನ್ನೂ ಪುಸ್ತಕದಲ್ಲಿ ಹಾಕಿಸುತ್ತೇನೆ ಎಂದರು. ಮಗನ ಹಾಗಿದ್ದವನಿಗೆ ದನದ ಕೊಟ್ಟಿಗೆಯಲ್ಲಿ ಯಾಕೆ ಹಾಸಿಗೆ ಹಾಕಿದ್ದರೋ, ಅದನ್ನು ಹೇಳಲಿಲ್ಲ.

“ನಮ್ಮಪ್ಪನ ಹೆಸರು ಕರಿಯಾ ಅಲ್ರಿ,” ಎಂದಳು ಮಾಯವ್ವ. “ಚನಮಲ್ಲಪ್ಪ.”

ಸಾವ್ಕಾರರ ಮುಖ ಹುಳಿ ತಿಂದಂತಾಯಿತು. ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಮೂರು ಚೀಲ ಜೋಳದ ಸಾಲಕ್ಕೆ ಹನ್ನೆರಡು ವರ್ಷದ ಹುಡುಗನನ್ನು ಆ ಮನೆಯಲ್ಲಿ ಜೀತಕ್ಕೆ ಬಿಟ್ಟ ದಿನವೇ ಹೆಸರಿನ ತಕರಾರು ಎದ್ದಿತ್ತು. ಸಾವ್ಕಾರರ ತಾಯಿ ರತ್ನಾಬಾಯಿ ಗಂಡನ ಹೆಸರು ಹೇಳುವವರಲ್ಲ. ಅದು ಹೋಗಲಿ, ಧಣಿ ಚನಮಲ್ಲಪ್ಪನವರು ಕಟ್ಟೆಯ ಮೇಲೆ ಕೂತಿರುವಾಗ ಯಾರಾದರೂ “ಲೇ ಚನಮಲ್ಯಾ, ಸಗಣಿ ಬಳಿಯಲೇ” ಎಂದರೆ ಮನೆತನದ ಮಾನ ಎಲ್ಲಿ ಉಳಿಯಬೇಕು? ಹೋರಿಗೆ ಹೆಸರಿಡಲು ಮಠದ ಐನಾರನ್ನು ಕರೆಸಿದ್ದ ಮನೆ ಅದು. ಹುಡುಗನಿಗೆ ಮೈಬಣ್ಣ ನೋಡಿ ಅಲ್ಲೇ ನಿಂತಲ್ಲೇ ಕರಿಯಾ ಎಂದುಬಿಟ್ಟರು.

ಜೀತ ಮುಗಿಯಿತು ಎಂದು ದೆಹಲಿಯಲ್ಲಿ ಕಾಯ್ದೆ ಆದಾಗ ಅವನು ಕರಿಯಾ ಆಗಿ ಹದಿನೆಂಟು ವರ್ಷವಾಗಿತ್ತು. ಜೀಪಿನಲ್ಲಿ ಒಬ್ಬ ಅಧಿಕಾರಿ ಜೀತದಾಳುಗಳ ಪಟ್ಟಿ ಹಿಡಿದು ಬಂದ. ಅಂಗಳದಲ್ಲಿ ಸಗಣಿ ಎತ್ತುತ್ತಿದ್ದವನನ್ನೇ ನಿಲ್ಲಿಸಿ, ಇಲ್ಲಿ ಚನಮಲ್ಲಪ್ಪ ಯಾರು ಎಂದು ಕೇಳಿದ. ಅವನು ಸಗಣಿ ಕೈಯನ್ನೇ ಚಾಚಿ ಬಾಗಿಲು ತೋರಿಸಿದ. “ಸಾವ್ಕಾರ್ರು ಒಳಗ ಅದಾರ್ರಿ.” ಒಳಗೆ ದೊಡ್ಡ ಸಾವ್ಕಾರರು, ಚನಮಲ್ಲಪ್ಪ ನಾನೇ, ನನ್ನ ಮನೆಯಲ್ಲಿ ನಾನೇ ಜೀತಕ್ಕಿದ್ದೇನೆ ನೋಡಿ ಎಂದು ನಕ್ಕರಂತೆ. ಅಧಿಕಾರಿಯೂ ನಕ್ಕು, ಚಹಾ ಕುಡಿದು, ಪಟ್ಟಿಯಲ್ಲಿ ಗೀಟು ಎಳೆದು ಹೋದ. ಮಾಯವ್ವನ ಅಪ್ಪ ಇನ್ನೂ ಒಂಬತ್ತು ವರ್ಷ ದುಡಿದ. ಮುಪ್ಪಿನಲ್ಲಿ ಅವನು ಈ ಕತೆಯನ್ನು ತಾನೇ ನಗುತ್ತ ಹೇಳುತ್ತಿದ್ದ. ಮಾಯವ್ವನಿಗೆ ಒಂದು ಸಲವೂ ನಗು ಬರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು.

ಹಾಗಾಗಿ ಅವಳು ಒಂದೇ ಮಾತು ಹಿಡಿದಳು. ಫೋಟೋ ಬೇಕಾದರೆ ಅದರ ಕೆಳಗೆ ಅಪ್ಪನ ಖರೆ ಹೆಸರು ಬರಬೇಕು, ಇಪ್ಪತ್ತೇಳು ವರ್ಷ ಜೀತಕ್ಕಿದ್ದ ಎಂದೂ ಬರಬೇಕು. ಸಾವ್ಕಾರರು ‘ನಿಷ್ಠಾವಂತ ಸೇವಕ ಕರಿಯಾ’ ಎಂದು ದೊಡ್ಡಕ್ಷರದಲ್ಲಿ ಹಾಕಿಸುತ್ತೇನೆ ಎಂದರು, ವೇದಿಕೆಯ ಮೇಲೆ ಶಾಲು ಹೊದಿಸುತ್ತೇನೆ ಎಂದರು. ಅವಳು ಕಂಡಿಕೆ ಸುತ್ತುವುದನ್ನು ನಿಲ್ಲಿಸಲೇ ಇಲ್ಲ. ಕಾರು ಬಂದ ದಾರಿಯಲ್ಲೇ ಹೋಯಿತು.

ಎಂಟು ದಿನ ಬಿಟ್ಟು ಶಿವಯೋಗಿ ಒಬ್ಬನೇ ಬಂದ. ಹೆಸರಿಗೆ ಸಾವ್ಕಾರರು ಒಪ್ಪಿದ್ದಾರೆ, ಹೆಸರಿನ ಮುಂದೆ ‘ಅವರು’ ಎಂದೂ ಹಾಕುತ್ತಾರೆ, ಜೀತ ಎಂಬ ಶಬ್ದವೊಂದನ್ನು ಬಿಟ್ಟುಬಿಡು ತಾಯಿ, ಓದುವವರಿಗೆ ಚಲೋ ಕಾಣುವುದಿಲ್ಲ ಎಂದ. ಮಾಯವ್ವ ಯೋಚನೆಗೆ ಬಿದ್ದಳು. ಅಪ್ಪನ ಹೆಸರನ್ನು ಅವಳು ಅಚ್ಚಿನಲ್ಲಿ ಎಂದೂ ನೋಡಿರಲಿಲ್ಲ. ಹೋಗಲಿ, ಹೆಸರಾದರೂ ಬರಲಿ ಎಂದುಕೊಂಡು ಫೋಟೋ ತೆಗೆದುಕೊಟ್ಟಳು. ಅಷ್ಟು ವರ್ಷ ಆ ಮನೆಯವರನ್ನು ಕಂಡೂ ನಂಬಿದೆನಲ್ಲ ಎಂದು ಆಮೇಲೆ ತನಗೆ ತಾನೇ ಬೈದುಕೊಂಡಳು.

ಪುಸ್ತಕ ಬಿಡುಗಡೆಯ ದಿನ ಸಾವ್ಕಾರರ ಊರಿನ ಸಮುದಾಯ ಭವನ ತುಂಬಿತ್ತು. ಬಂದವರಿಗೆಲ್ಲ ಒಂದೊಂದು ಪುಸ್ತಕ, ಹಿಂದೆಯೇ ಹೋಳಿಗೆ ಊಟ. ಮಾಯವ್ವ ಹಿಂದಿನ ಸಾಲಿನಲ್ಲಿ ಕೂತು ಆ ಪುಟ ಹುಡುಕಿ ತೆಗೆದಳು. ‘ಸರ್ಜಾನೊಂದಿಗೆ ಚನಮಲ್ಲಪ್ಪನವರು.’ ಬೆರಳಿಟ್ಟು ಎರಡು ಸಲ ಓದಿದಳು. ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮುಖ್ಯ ಅತಿಥಿ ಅದೇ ಪುಟವನ್ನು ಎತ್ತಿ ಸಭೆಗೆ ತೋರಿಸಿದರು. ನೋಡಿ, ಇಷ್ಟು ಸಿರಿವಂತರಾದರೂ ಗಿರಿಮಲ್ಲಪ್ಪನವರ ತಂದೆ ಹೋರಿಯ ಹಗ್ಗವನ್ನು ತಾವೇ ಹಿಡಿಯುತ್ತಿದ್ದರು, ಇದು ಕೈ ಕೆಸರು ಮಾಡಿಕೊಂಡ ಮನೆತನ ಎಂದರು. ಚಪ್ಪಾಳೆ ಬಿತ್ತು. ಗಿರಿಮಲ್ಲಪ್ಪ ಇಲ್ಲ ಎನ್ನಲಿಲ್ಲ. ಕೈ ಮುಗಿದು ಕಣ್ಣೊರೆಸಿಕೊಂಡರು. ಶಿವಯೋಗಿ ನೆಲ ನೋಡುತ್ತಿದ್ದ.

ಮಾಯವ್ವನಿಗೆ ಆಗ ತಿಳಿಯಿತು. ಜೀತ ಎಂಬ ಶಬ್ದವನ್ನು ಕಿತ್ತು ಹಾಕಿದ್ದು ಓದುವವರಿಗಾಗಿ ಅಲ್ಲ. ಬರೀ ಹೆಸರು ಉಳಿದರೆ ಅದು ಧಣಿಯದೇ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಅವಳು ಎದ್ದು ಸೀದಾ ಮೈಕಿನ ಹತ್ತಿರ ಹೋಗಿ, ಹಗ್ಗ ಹಿಡಿದವನು ತನ್ನಪ್ಪ, ಇವರ ಮನೆಯ ಜೀತದಾಳು ಎಂದು ಹೇಳಿದಳು. ಗಿರಿಮಲ್ಲಪ್ಪ ನಗುತ್ತ ಮೈಕು ಇಸಿದುಕೊಂಡರು. ಇವಳು ನಮ್ಮ ಕರಿಯಾನ ಮಗಳು, ಪಾಪ, ಹೆಸರು ಒಂದೇ ಅಂತ ಗೊಂದಲ ಮಾಡಿಕೊಂಡಿದ್ದಾಳೆ, ಯಾರಾದರೂ ಊಟಕ್ಕೆ ಕರೆದುಕೊಂಡು ಹೋಗಿ ಎಂದರು. ಜನವೂ ನಕ್ಕಿತು.

ಮಾಯವ್ವನಿಗೆ ಮೈಕು ಬೇಕಾಗಲಿಲ್ಲ.

“ಆತ್ರಿ, ನಿಮ್ಮಪ್ಪಾರ ಅಂತ ಇಟ್ಕೋರಿ. ಎಲ್ಲಾರೂ ಪುಸ್ತಕ ತಗದು ಅವರ ಕಾಲು ನೋಡ್ರಿ. ಈ ಊರಿನ ಹಿರ್ಯಾರು ಹೇಳ್ರಿ, ಚನಮಲ್ಲಪ್ಪ ಸಾವ್ಕಾರ್ರು ಬರಿಗಾಲಿಲೆ ಎಂದಾದ್ರೂ ಅಂಗಳಕ್ಕ ಇಳದಿದ್ರೇನ್ರಿ?”

ಭವನದ ತುಂಬ ಹಾಳೆ ತಿರುವುವ ಸಪ್ಪಳ. ಮೀನಖಂಡದವರೆಗೆ ಸಗಣಿ ಒಣಗಿ ಹತ್ತಿದ, ಬಿರುಕು ಬಿಟ್ಟ ಎರಡು ಕಾಲು ಅಲ್ಲಿದ್ದವು. ಮುಂದಿನ ಸಾಲಿನಲ್ಲಿ ಕೂತಿದ್ದ ಎಂಬತ್ತರ ಹುಲೆಪ್ಪ ಚಷ್ಮಾ ಏರಿಸಿಕೊಂಡು ನೋಡಿ, ಪುಸ್ತಕ ಮುಚ್ಚಿ ಕುರ್ಚಿಯ ಕೆಳಗೆ ಇಟ್ಟ. ಗಿರಿಮಲ್ಲಪ್ಪನವರೂ ಪುಟ ತೆಗೆದರು. ಆ ಫೋಟೋದಲ್ಲಿ ಹೋರಿಯ ಕೊಂಬು, ಹೆಗಲ ಮೇಲಿನ ಇಣಿ, ಬಾಲದ ಕುಚ್ಚು ಅವರಿಗೆ ಬಾಯಿಪಾಠ. ಮನುಷ್ಯನನ್ನು ನೋಡಿದ್ದು ಅದೇ ಮೊದಲು.