ಸೋಮವಾರದ ಸೈರನ್

ಅಣೆಕಟ್ಟೆಯ ಗೇಟು ಆಪರೇಟರನಿಗೆ ಅವಸರವೆಂದರೆ ಆಗದು. ಮನೆಗೆ ಬೆಂಕಿ ಬಿದ್ದರೂ ಚಹಾ ಮುಗಿಸಿಯೇ ಏಳುವ ಆಸಾಮಿ ಎಂದು ಕೆಳಗಿನ ವಿದ್ಯುತ್ ಘಟಕದವರು ಆಡಿಕೊಳ್ಳುತ್ತಿದ್ದರು. ಆದರೆ ಆ ಬೆಳಿಗ್ಗೆ ಜಲಾಶಯ ಅಂಚಿನವರೆಗೆ ತುಂಬಿತ್ತು. ಗೇಟು ಎತ್ತಲು ಎಂಜಿನಿಯರರು ಫೋನಿನಲ್ಲಿ ಹೇಳಿದ ಕೂಡಲೇ ಸೈರನ್ ಊದಿದ. ಕೆಳಗಿನವರು ನದಿ ಬಿಟ್ಟು ಮೇಲೇರುವವರೆಗೆ ಕಾಯುವುದು ನಿಯಮ. ಕಾಯುತ್ತ ಗೋಡೆಯ ಗಡಿಯಾರ ನೋಡಿದವನು ಕುರ್ಚಿಯಿಂದ ದಡಬಡನೆ ಎದ್ದ.

ಸೋಮವಾರ, ಹತ್ತು ಗಂಟೆ. ಪ್ರತಿ ವಾರ ಸೈರನ್ ಸರಿಯಿದೆಯೇ ಎಂದು ಅವನೇ ಊದಿ ನೋಡುವ ಹೊತ್ತು. ವರ್ಷಗಟ್ಟಲೆ ಕೇಳಿ ಕೇಳಿ ಕೆಳಗಿನವರಿಗೆ ಅದೊಂದು ಗಡಿಯಾರವಾಗಿತ್ತು. ಕೇಳಿ ಒಲೆ ಹಚ್ಚುವವರಿದ್ದರೇ ಹೊರತು ನದಿಯಿಂದ ಏಳುವವರಿರಲಿಲ್ಲ. ಸೋಮವಾರವೆಂದರೆ ಅವನ ಅಕ್ಕ ನದಿಯ ನಡುಬಂಡೆಯ ಮೇಲೆ ಮನೆಮಂದಿಯ ಬಟ್ಟೆ ಒಗೆಯುವ ದಿನವೂ ಹೌದು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕ. ಫೋನನ್ನು ನೀರಿನ ಹತ್ತಿರ ಒಯ್ಯುವವಳಲ್ಲ.

ಎಂಜಿನಿಯರರನ್ನು ಬೇಡಿಕೊಂಡು ಕಾಲು ಗಂಟೆ ಪಡೆದ. ಮತ್ತೆ ಸೈರನ್ ಊದಿದ. ಬಂಡೆ ನದಿಯ ತಿರುವಿನಾಚೆ, ಇಲ್ಲಿಂದ ಕಾಣದು. ಅವಳು ಇದನ್ನೂ ಕಿವಿಗೆ ಹಾಕಿಕೊಳ್ಳದಿದ್ದರೆ? ನೀರನ್ನು ಹಿಡಿದಿಡುವಂತಿಲ್ಲ, ಬಿಡುವ ಧೈರ್ಯವೂ ಇಲ್ಲ. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಮೊಣಕೈವರೆಗೆ ಸೋಪಿನ ನೊರೆಯೊಂದಿಗೆ ಅಕ್ಕ ನಿಂತಿದ್ದಳು. ಹಿಂದೆ ಏದುಸಿರು ಬಿಡುತ್ತ ಮೀನು ಹಿಡಿಯುವವರು, ದನ ಕಾಯುವವರು.

"ಒಂದ್ಸಲ ಊದಿದ್ರೆ ಸೋಮವಾರ. ಎರಡ್ಸಲ ಊದಿದ್ದಕ್ಕೆ, ನೀನು ತಲೆ ಸುತ್ತಿ ಆ ಸೈರನ್ ಗುಂಡಿ ಮೇಲೇ ಬಿದ್ದಿದ್ದೀಯ ಅಂದ್ಕೊಂಡೆ ಕಣೋ. ಎತ್ಕೊಂಡು ಹೋಗೋಕೆ ಜನ ಬೇಕಲ್ಲ ಅಂತ ನದೀಲಿದ್ದೋರನ್ನೆಲ್ಲ ಎಳ್ಕೊಂಡು ಬಂದೆ."

ಅವನಿಗೆ ಹೋದ ಜೀವ ಬಂದಂತಾಯಿತು. ನಗು ಬಂತೋ ಅಳು ಬಂತೋ ಅವನಿಗೇ ತಿಳಿಯಲಿಲ್ಲ.

"ಕೆಳಗೆ ಯಾರೂ ಇಲ್ವಾ ಅಕ್ಕ?"

ಒಂದು ನರಪಿಳ್ಳೆಯೂ ಇಲ್ಲ ಎಂದು ದನ ಕಾಯುವವರೂ ಸಾಕ್ಷಿ ಹೇಳಿದರು. ಅವನು ಗೇಟಿನ ಗುಂಡಿ ಒತ್ತಿದ. ಗೇಟಿನಡಿಯಿಂದ ನೀರು ಭೋರ್ಗರೆದು ಇಳಿಯಿತು. ಅಕ್ಕನಿಗೆ ಆಗ ನೆನಪಾಯಿತು.

"ಅಯ್ಯೋ, ಬಟ್ಟೆಯೆಲ್ಲ ಬಂಡೆ ಮೇಲೇ ಇದೆ."

ಹೋದರೆ ಹೋಗಲಿ ಬಿಡು ಎಂದ.

"ಹೋಗ್ಲಿ ಅಂತೀಯಲ್ಲ, ಅದ್ರಲ್ಲಿ ಅರ್ಧಕ್ಕರ್ಧ ನಿನ್ನ ಅಂಗೀನೇ" ಎಂದು ನೊರೆಗೈಯಲ್ಲೇ ಅವನ ಬೆನ್ನಿಗೊಂದು ಗುದ್ದಿದಳು. ಮೈಮೇಲಿದ್ದ ಒಂದೇ ಒಂದು ಅಂಗಿಯೂ ಒದ್ದೆಯಾಯಿತು.